‘ಕಾರಣ: ಗಾಂಜಾ’ ಎಂದು ಬರೆದವರು ಯಾರು?

1891ರಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಮಾರ್ಕ್ ಸ್ಟೀವರ್ಟ್ ಎಂಬ ಸದಸ್ಯರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಭಾರತದ ಹುಚ್ಚಾಸ್ಪತ್ರೆಗಳೆಲ್ಲ ಗಾಂಜಾ ಸೇದುವವರಿಂದಲೇ ತುಂಬಿಹೋಗಿವೆಯಂತೆ, ಸರ್ಕಾರಕ್ಕೆ ಇದು ಗೊತ್ತೇ? ಅವರ ಮಾತಿಗೆ ಆಧಾರ ಅಲಹಾಬಾದಿನ ಪತ್ರಿಕೆಯೊಂದರ ಸುದ್ದಿ. ಎರಡು ವರ್ಷದ ನಂತರ, 1893ರ ಮಾರ್ಚ್ 2ರಂದು, ಪಾನವಿರೋಧಿ ಚಳವಳಿಯ ಮುಂದಾಳು ಡಬ್ಲ್ಯು. ಎಸ್. ಕೇನ್ ಅದೇ ಸಭೆಯಲ್ಲಿ ಪಟ್ಟು ಹಿಡಿದರು. ಬಂಗಾಳದಲ್ಲಿ ಗಾಂಜಾ ಬೆಳೆಯುವುದು, ಮಾರುವುದು, ಅದರಿಂದ ಜನರ ಮೈಮನಸ್ಸಿಗೂ ನಡತೆಗೂ ಆಗುವ ಪರಿಣಾಮ, ಇವಿಷ್ಟನ್ನೂ ಒಂದು ಆಯೋಗ ತನಿಖೆ ಮಾಡಲಿ ಎಂಬುದು ಅವರ ಒತ್ತಾಯ. ಕೇನ್ ಕೇಳಿದ್ದು ಬಂಗಾಳದ ಮಟ್ಟಿಗೆ. ಭಾರತ ಮಂತ್ರಿ ಲಾರ್ಡ್ ಕಿಂಬರ್ಲಿ, ಮಾಡುವುದೇ ಆದರೆ ಇಡೀ ಬ್ರಿಟಿಷ್ ಭಾರತಕ್ಕೆ ಆಗಲಿ ಎಂದರು. ಆ ವರ್ಷದ ಜುಲೈನಲ್ಲಿ ಭಾರತೀಯ ಗಾಂಜಾ ಆಯೋಗ ಹುಟ್ಟಿತು.

ಆಯೋಗದಲ್ಲಿ ಏಳು ಜನ. ಅಧ್ಯಕ್ಷರು ಪಂಜಾಬಿನ ಹಿರಿಯ ಅಧಿಕಾರಿ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್. ಜೊತೆಗೆ ಎಚ್. ಟಿ. ಒಮ್ಯಾನಿ, ಎ. ಎಚ್. ಎಲ್. ಫ್ರೇಸರ್, ಕಲ್ಕತ್ತೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಸೈನ್ಯದ ವೈದ್ಯ ಸಿ. ಜೆ. ಎಚ್. ವಾರ್ಡನ್. ಭಾರತೀಯರು ಮೂವರು: ತಾಹಿರ್‌ಪುರದ ರಾಜಾ ಶಶಿಶೇಖರೇಶ್ವರ ರಾಯ್, ಕನ್ವರ್ ಹರ್ನಾಮ್ ಸಿಂಗ್, ಮುಜಫರ್‌ನಗರದ ಲಾಲಾ ನಿಹಾಲ್ ಚಂದ್. ಇವರು 70 ಪ್ರಶ್ನೆಗಳ ಪಟ್ಟಿ ತಯಾರಿಸಿದರು, ಊರೂರು ತಿರುಗಿದರು, 1,193 ಜನರ ಹೇಳಿಕೆ ಪಡೆದರು. ಡಾಕ್ಟರು, ಕಲೆಕ್ಟರು, ಪಾದ್ರಿ, ಗುತ್ತಿಗೆದಾರ, ಬೆಳೆಗಾರ, ಬೈರಾಗಿ, ಯಾರನ್ನೂ ಬಿಡಲಿಲ್ಲ. ನಮ್ಮ ಕಡೆಯ ಮಲೆನಾಡು ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿತ್ತು, ಅಂದರೆ ಬ್ರಿಟಿಷ್ ಭಾರತದ ಹೊರಗೆ. ಆದರೆ ಧಾರವಾಡ, ಬಿಜಾಪುರ, ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿದ್ದವು, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನಲ್ಲಿದ್ದವು, ಕೊಡಗು ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಕನ್ನಡದ ನೆಲದ ಒಂದು ದೊಡ್ಡ ಭಾಗ ಈ ತನಿಖೆಯ ವ್ಯಾಪ್ತಿಯೊಳಗೇ ಇತ್ತು.

ಸಾಕ್ಷಿಗಳಲ್ಲಿ ಅನೇಕರು ಖಂಡಿತವಾಗಿ ಹೇಳಿದರು: ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ. ನಿಮಗೆ ಹೇಗೆ ಗೊತ್ತು ಎಂದರೆ, ಹುಚ್ಚಾಸ್ಪತ್ರೆಯ ವಾರ್ಷಿಕ ವರದಿ ನೋಡಿ ಎಂದರು. ವರದಿಯಲ್ಲಿ ಅಂಕಿಗಳೇನೋ ಇದ್ದವು. 1892ರಲ್ಲಿ ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳಿಗೆ ಸೇರಿದವರು 1,344 ಜನ. ಅವರಲ್ಲಿ 222 ಜನರ ಹೆಸರಿನ ಮುಂದೆ ಕಾರಣ ಗಾಂಜಾ, ಚರಸ್ ಅಥವಾ ಭಂಗಿ ಎಂದು ನಮೂದಾಗಿತ್ತು. ಆರರಲ್ಲಿ ಒಬ್ಬರು. ಸಂಸತ್ತಿನಲ್ಲಿ ಹೇಳಿದಷ್ಟು ಅಲ್ಲದಿದ್ದರೂ ಸಣ್ಣ ಸಂಖ್ಯೆಯಲ್ಲ. ಆಯೋಗ ಅಲ್ಲಿಗೇ ಬಿಟ್ಟು ತನ್ನ ವರದಿ ಬರೆದು ಮುಗಿಸಬಹುದಿತ್ತು. ಬಿಡಲಿಲ್ಲ. ಈ 222 ಅನ್ನು ಬರೆದವರು ಯಾರು ಎಂದು ಹುಡುಕಲು ಹೊರಟಿತು.

ರಿಜಿಸ್ಟರಿನ ಒಳಹೊಕ್ಕು

ಆ ಕಾಲದಲ್ಲಿ ಒಬ್ಬ ಮನುಷ್ಯ ಹುಚ್ಚಾಸ್ಪತ್ರೆ ಸೇರುತ್ತಿದ್ದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಧಾರವಾಡದಲ್ಲಿ ಆಗಲೇ ಒಂದು ಹುಚ್ಚಾಸ್ಪತ್ರೆ ಇತ್ತು. ಇಂದು ಡಿಮ್ಹಾನ್ಸ್ ಎಂದು ಹೆಸರಾಗಿರುವ ಸಂಸ್ಥೆಯ ಬೇರು ಅದು. ಸಂತೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಗಲಾಟೆ ಮಾಡುತ್ತ ಅಲೆಯುವ ಒಬ್ಬನನ್ನು ಪೊಲೀಸರು ಹಿಡಿಯುತ್ತಾರೆ. 1858ರ ಕಾಯಿದೆಯಂತೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಡಾಕ್ಟರೊಬ್ಬರು ನೋಡಿ, ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಸರ್ಟಿಫಿಕೇಟು ಕೊಡುತ್ತಾರೆ. ಅದರ ಜೊತೆಗೆ ಒಂದು ವಿವರಪಟ್ಟಿ ಹೋಗುತ್ತದೆ. ಹೆಸರು, ಪ್ರಾಯ, ಜಾತಿ, ಊರು, ಕಸುಬು, ರೋಗ ಶುರುವಾದದ್ದು ಯಾವಾಗ ಮತ್ತು ಕಾರಣ.

ಪಟ್ಟಿ ತುಂಬುವವರು ಹೆಚ್ಚಾಗಿ ಪೊಲೀಸರು ಅಥವಾ ಕಚೇರಿಯ ಗುಮಾಸ್ತರು. ಮುಂದಿರುವವನು ನೆಟ್ಟಗೆ ಮಾತಾಡುವ ಸ್ಥಿತಿಯಲ್ಲಿಲ್ಲ. ಅವನ ಊರು ಎಲ್ಲೋ, ಕಡೆಯವರು ಯಾರೋ. ಬೇರೆ ಕಾಲಂಗಳನ್ನು ಖಾಲಿ ಬಿಟ್ಟರೂ ನಡೆಯುತ್ತದೆ. ಕಾರಣದ ಜಾಗದಲ್ಲಿ ‘ತಿಳಿಯದು’ ಎಂದು ಬರೆದರೆ ಮೇಲಿನವರಿಂದ ವಿಚಾರಣೆಯ ಕಾಗದ ಬರುತ್ತದೆ. ಆದ್ದರಿಂದ ಸುಲಭದ ಪ್ರಶ್ನೆ ಒಂದಿತ್ತು: ಇವನು ಗಾಂಜಾ ಸೇದುತ್ತಾನೆಯೇ? ಯಾರಾದರೂ ಹೌದೆಂದರೆ ಕಾಲಂ ತುಂಬಿತು. ಬೈರಾಗಿಯ ವೇಷವಿದ್ದರೆ ಕೇಳುವ ಗೋಜೂ ಇರಲಿಲ್ಲ. ಆಸ್ಪತ್ರೆಯ ಮುಖ್ಯಸ್ಥರು ಆ ಪಟ್ಟಿಯನ್ನು ತಮ್ಮ ರಿಜಿಸ್ಟರಿಗೆ ಇಳಿಸಿಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಅದನ್ನು ಕೂಡಿಸಿ ಕೋಷ್ಟಕ ಮಾಡುತ್ತಿದ್ದರು. ಕೋಷ್ಟಕ ಅಚ್ಚಾಗುತ್ತಿತ್ತು. ಅಚ್ಚಾದದ್ದನ್ನು ಓದಿದ ಡಾಕ್ಟರುಗಳು, ಗಾಂಜಾದಿಂದ ಹುಚ್ಚು ಬರುತ್ತದೆ ಎಂದು ವೈದ್ಯಕೀಯ ಅಭಿಪ್ರಾಯ ಬರೆಯುತ್ತಿದ್ದರು. ಆ ಅಭಿಪ್ರಾಯವನ್ನು ಕೇಳಿಕೊಂಡಿದ್ದ ಪೊಲೀಸನು ಮುಂದಿನ ಮನುಷ್ಯನನ್ನು ಹಿಡಿದಾಗ ಅದೇ ಪ್ರಶ್ನೆ ಕೇಳುತ್ತಿದ್ದ. ಒಬ್ಬ ಜವಾನನ ಊಹೆ ಹೀಗೆ ಒಂದು ಸುತ್ತು ಹೊಡೆದು, ವಿಜ್ಞಾನದ ಅಂಗಿ ತೊಟ್ಟುಕೊಂಡು ಅವನ ಬಳಿಗೇ ವಾಪಸು ಬರುತ್ತಿತ್ತು.

ಆಯೋಗ 222 ಪ್ರಕರಣಗಳನ್ನೂ ಒಂದೊಂದಾಗಿ ಮತ್ತೆ ತೆರೆಸಿತು. ರೋಗಿಯ ಊರಿಗೆ ಬರೆದು ಕಳಿಸಿ, ಮನೆಯವರನ್ನೂ ನೆರೆಹೊರೆಯವರನ್ನೂ ವಿಚಾರಿಸಿತು. ಸೇದುತ್ತಿದ್ದದ್ದು ನಿಜವೇ, ಎಷ್ಟು ವರ್ಷದಿಂದ, ಹುಚ್ಚು ಮೊದಲೋ ಚಿಲುಮೆ ಮೊದಲೋ, ವಂಶದಲ್ಲಿ ಯಾರಿಗಾದರೂ ಇತ್ತೇ? ಉತ್ತರಗಳು ಬಂದಂತೆ ಸಂಖ್ಯೆ ಕರಗತೊಡಗಿತು. ಕೆಲವರು ಗಾಂಜಾ ಮುಟ್ಟಿದವರೇ ಅಲ್ಲ. ಕೆಲವರಿಗೆ ಬುದ್ಧಿಭ್ರಮಣೆಯಾದ ಮೇಲೆ ಸಾಧುಗಳ ಸಹವಾಸ, ಸಹವಾಸದಿಂದ ಚಿಲುಮೆ. ಇನ್ನು ಕೆಲವರದು ಮೂರ್ಛೆರೋಗ. ಕೊನೆಗೆ ಗಾಂಜಾಕ್ಕೂ ರೋಗಕ್ಕೂ ಸಂಬಂಧವಿರಬಹುದು ಎಂದು ಉಳಿದದ್ದು 98. ಅದರಲ್ಲೂ ಗಾಂಜಾ ಒಂದೇ ಕಾರಣ ಎನ್ನಬಹುದಾದದ್ದು 61. ಹದಿನಾರು ಚಿಲ್ಲರೆ ಶೇಕಡಾ ಇದ್ದ ಲೆಕ್ಕ ಶೇಕಡಾ 7.3ಕ್ಕೆ ಇಳಿಯಿತು, ಗಾಂಜಾ ಒಂದನ್ನೇ ಹಿಡಿದರೆ 4.5ಕ್ಕೆ.

ಅಪರಾಧದ ವಿಷಯದಲ್ಲೂ ಇದೇ ದಾರಿ ಹಿಡಿದರು. ಗಾಂಜಾ ಸೇದಿ ತಲೆಕೆಟ್ಟು ಕೊಲೆ ಮಾಡಿದ ಪ್ರಕರಣ ನನಗೆ ಗೊತ್ತು ಎಂದು ಸಾಕ್ಷಿ ನುಡಿದವರಿಂದ ಊರು, ವರ್ಷ ಕೇಳಿಕೊಂಡು, ನ್ಯಾಯಾಲಯದ ಕಡತಗಳನ್ನು ತರಿಸಿ ಓದಿದರು. ನೆನಪಿನಲ್ಲಿದ್ದ ಎಷ್ಟೋ ಗಾಂಜಾ ಕೊಲೆಗಳ ಕಡತದಲ್ಲಿ ಗಾಂಜಾದ ಪಾತ್ರವೇ ಕಾಣಿಸಲಿಲ್ಲ.

1894ರಲ್ಲಿ ವರದಿ ಹೊರಬಂತು. ಸಾಕ್ಷ್ಯದ ಸಂಪುಟಗಳೂ ಸೇರಿ ಮೂರು ಸಾವಿರ ಪುಟ ಮೀರಿದ ಗ್ರಂಥ. ಮಿತವಾಗಿ ಸೇವಿಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಅತಿಯಾದರೆ ಹಾನಿಯುಂಟು, ಅದು ಹೆಚ್ಚಾಗಿ ಸೇದುವವನ ಮಟ್ಟಿಗೇ ನಿಲ್ಲುತ್ತದೆ. ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂಬುದು ತೀರ್ಪು. ನಿಷೇಧಿಸಿದರೆ ಜನ ಇನ್ನೂ ಕೆಟ್ಟ ಅಮಲಿಗೆ ತಿರುಗಿಯಾರು ಎಂಬ ಎಚ್ಚರಿಕೆಯೂ ಇತ್ತು. ಶಶಿಶೇಖರೇಶ್ವರ ರಾಯ್ ಮತ್ತು ನಿಹಾಲ್ ಚಂದ್ ಒಪ್ಪದೆ ಭಿನ್ನಮತದ ಟಿಪ್ಪಣಿ ಬರೆದರು. ಗಾಂಜಾದಿಂದ ತೆರಿಗೆ ಪಡೆಯುತ್ತಿದ್ದ ಸರ್ಕಾರವೇ ನೇಮಿಸಿದ ಆಯೋಗ ಇದು ಎಂಬುದನ್ನೂ ಮರೆಯಬಾರದು. ಆದರೆ ಅಂತಿಮ ತೀರ್ಪಿಗಿಂತ ದೊಡ್ಡದು ಅವರು ಹಿಡಿದ ದಾರಿ. ಅಮಲಿನ ಪದಾರ್ಥದ ಬಗ್ಗೆ ಒಂದು ಅಂಕಿ ಕೈಗೆ ಬಂದಾಗ, ಅದು ಪದಾರ್ಥವನ್ನು ಅಳೆಯುತ್ತಿದೆಯೋ ಬರೆಯುವವರ ಅಭ್ಯಾಸವನ್ನು ಅಳೆಯುತ್ತಿದೆಯೋ ಎಂದು ಮೊದಲು ನೋಡಬೇಕು. ಈ ಪಾಠವನ್ನು ಜಗತ್ತು ಆಮೇಲೆ ಎರಡು ಬಾರಿ ಹೊಸದಾಗಿ ಕಲಿಯಬೇಕಾಯಿತು.

ಲಿಸ್ಬನ್ನಿನಲ್ಲಿ ಎರಡು ಲೆಕ್ಕ

ವರದಿಯ ನಂತರವೂ ತೊಂಬತ್ತು ವರ್ಷ ಭಾರತದಲ್ಲಿ ಗಾಂಜಾ ಅಬಕಾರಿ ಇಲಾಖೆಯ ವಸ್ತುವಾಗಿಯೇ ಉಳಿಯಿತು. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ 25 ವರ್ಷಗಳ ಗಡುವು ಸಿಕ್ಕಿತ್ತು. ಅದು ಮುಗಿಯುತ್ತ ಬಂದಾಗ, 1985ರ ನವೆಂಬರ್ 14ರಂದು ಮಾದಕ ಪದಾರ್ಥಗಳ ಕುರಿತ ಎನ್‌ಡಿಪಿಎಸ್ ಕಾಯಿದೆ ಜಾರಿಗೆ ಬಂತು. ಅಲ್ಲಿಂದಾಚೆಗೆ ಗಾಂಜಾ ಬೆಳೆಯುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಸೇದುವುದೂ ಅಪರಾಧ.

ಪೋರ್ಚುಗಲ್ ಇದಕ್ಕೆ ತಿರುಗುಮುರುಗಾದ ಹಾದಿ ಹಿಡಿಯಿತು. 1990ರ ದಶಕದ ಕೊನೆಗೆ ಅಲ್ಲಿ ನೂರಕ್ಕೆ ಒಬ್ಬರಂತೆ ಹೆರಾಯಿನ್ ಹಿಡಿತಕ್ಕೆ ಸಿಕ್ಕಿದ್ದರು. ಸೂಜಿ ಹಂಚಿಕೊಂಡು ಎಚ್‌ಐವಿ ಹಬ್ಬುತ್ತಿತ್ತು. 1998ರಲ್ಲಿ ತಜ್ಞರ ಸಮಿತಿಯೊಂದು ಕುಳಿತಿತು. ಮುಂದೆ ಈ ನೀತಿಯ ಮುಖವಾದ ವೈದ್ಯ ಜುವಾಂವ್ ಗೌಲಾಂವ್ ಅದರಲ್ಲಿದ್ದರು. 2001ರ ಜುಲೈ 1ರಿಂದ ಕಾನೂನು ಬದಲಾಯಿತು. ಮಾರುವುದು ಅಪರಾಧವಾಗಿಯೇ ಉಳಿಯಿತು. ಆದರೆ ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟನ್ನು ಇಟ್ಟುಕೊಂಡವನಿಗೆ ಜೈಲಿಲ್ಲ, ಕೋರ್ಟಿಲ್ಲ. ಅವನು ಮೂವರ ಮಂಡಳಿಯೊಂದರ ಮುಂದೆ ಬರಬೇಕು. ಅಲ್ಲಿ ಕಾನೂನು ಬಲ್ಲವರು, ಆರೋಗ್ಯ ಬಲ್ಲವರು, ಸಮಾಜಕಾರ್ಯದವರು ಕೂತಿರುತ್ತಾರೆ. ಚಟ ಅಂಟಿದ್ದರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ, ಇಲ್ಲದಿದ್ದರೆ ಎಚ್ಚರಿಸಿ ಕಳಿಸುತ್ತಾರೆ.

ಇದರಿಂದ ಒಳ್ಳೆಯದಾಯಿತೇ? ಒಬ್ಬರು ಆಯಿತು ಎಂದರು: ವರ್ಷಕ್ಕೆ ಹದಿನಾಲ್ಕು ಸಾವಿರದಷ್ಟಿದ್ದ ಬಂಧನ ಆರು ಸಾವಿರದ ಆಸುಪಾಸಿಗೆ ಇಳಿಯಿತಲ್ಲ! ಆದರೆ ಬಂಧಿಸಬೇಡಿ ಎಂದು ಕಾನೂನೇ ಹೇಳಿದ ಮೇಲೆ ಬಂಧನ ಇಳಿಯದೆ ಇದ್ದೀತೇ? ಆ ಅಂಕಿ ಕಾನೂನಿನ ನೆರಳು, ಪರಿಣಾಮವಲ್ಲ. ಇನ್ನೊಬ್ಬರು ಆಗಲಿಲ್ಲ ಎಂದರು: ಶವಪರೀಕ್ಷೆಯಲ್ಲಿ ಡ್ರಗ್ಸ್ ಅಂಶ ಸಿಕ್ಕವರ ಸಂಖ್ಯೆ ಏರಿದೆಯಲ್ಲ!

ಅಪರಾಧಶಾಸ್ತ್ರಜ್ಞರಾದ ಕೈಟ್ಲಿನ್ ಹ್ಯೂಸ್ ಮತ್ತು ಅಲೆಕ್ಸ್ ಸ್ಟೀವನ್ಸ್ ಈ ಜಗಳದ ಬುಡ ಹುಡುಕಿದರು. 2010ರಲ್ಲಿ ಒಂದು, 2012ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಅವರಿಗೆ ಸಿಕ್ಕಿದ್ದು ಮತ್ತೆ ಒಂದು ರಿಜಿಸ್ಟರಿನ ಕತೆಯೇ. ಪೋರ್ಚುಗಲ್ಲಿನಲ್ಲಿ ಸಾವಿನ ಲೆಕ್ಕ ಎರಡು ಕಡೆ ಬರೆಯುತ್ತಾರೆ. ಒಂದು ಕಡೆ, ಶವದಲ್ಲಿ ಡ್ರಗ್ಸ್ ಕುರುಹು ಸಿಕ್ಕವರೆಲ್ಲ ಸೇರುತ್ತಾರೆ, ಅವರು ಲಾರಿಗೆ ಸಿಕ್ಕು ಸತ್ತಿದ್ದರೂ ಸರಿ. ಇನ್ನೊಂದು ಕಡೆ, ಡ್ರಗ್ಸೇ ಸಾವಿಗೆ ಕಾರಣ ಎಂದು ವೈದ್ಯರು ನಿರ್ಧರಿಸಿದವರು ಮಾತ್ರ. ಆ ವರ್ಷಗಳಲ್ಲಿ ಇಂಥ ಪರೀಕ್ಷೆಗೆ ಒಳಪಡಿಸಿದ ಶವಗಳ ಸಂಖ್ಯೆಯೇ ಹೆಚ್ಚಿತ್ತು. ಹೆಚ್ಚು ಹುಡುಕಿದರೆ ಹೆಚ್ಚು ಸಿಗುತ್ತದೆ. ವೈದ್ಯರ ಲೆಕ್ಕದಲ್ಲಿ ಸಾವು ಇಳಿದಿತ್ತು. ಹೊಗಳುವವರು ಒಂದು ಪುಸ್ತಕ ತೆರೆದಿದ್ದರು, ತೆಗಳುವವರು ಇನ್ನೊಂದನ್ನು.

ಕಾನೂನಿನ ಪೆನ್ನು ಮುಟ್ಟದ ಅಂಕಿಗಳು ಹೆಚ್ಚು ಗಟ್ಟಿ. ಸೂಜಿಯ ಮೂಲಕ ಡ್ರಗ್ಸ್ ತೆಗೆದುಕೊಳ್ಳುವವರಲ್ಲಿ ಹೊಸದಾಗಿ ಎಚ್‌ಐವಿ ಪತ್ತೆಯಾದವರು 2001ರಲ್ಲಿ 1,016 ಇದ್ದರು, 2012ರಲ್ಲಿ 56. ರಕ್ತದ ಪರೀಕ್ಷೆ ಪೊಲೀಸರ ಮರ್ಜಿಯಲ್ಲಿಲ್ಲ. ಹಾಗೆಂದು ಎಚ್‌ಐವಿ ಇಳಿದ ಪೂರಾ ಪುಣ್ಯವನ್ನು ಕಾನೂನಿಗೆ ಕಟ್ಟುವಂತಿಲ್ಲ. ಹಳೆ ಸೂಜಿ ಪಡೆದು ಹೊಸದು ಕೊಡುವ ಯೋಜನೆ 1993ರಿಂದಲೇ ನಡೆದಿತ್ತು, ಮೆಥಡೋನ್ ಚಿಕಿತ್ಸೆಯೂ ಅದೇ ಹೊತ್ತಿಗೆ ವಿಸ್ತಾರವಾಯಿತು. ಇನ್ನೂ ಒಂದು ಕೊರತೆಯಿತ್ತು. ಜನಸಾಮಾನ್ಯರಲ್ಲಿ ಡ್ರಗ್ಸ್ ಬಳಕೆ ಎಷ್ಟು ಎಂಬ ಮೊದಲ ರಾಷ್ಟ್ರೀಯ ಸಮೀಕ್ಷೆ ಪೋರ್ಚುಗಲ್ಲಿನಲ್ಲಿ ನಡೆದದ್ದೇ 2001ರಲ್ಲಿ. ಕಾನೂನಿಗೆ ಮುಂಚೆ ಸ್ಥಿತಿ ಹೇಗಿತ್ತು ಎಂದು ಹೋಲಿಸಲು ಪುಟವೇ ಇರಲಿಲ್ಲ.

ಆರಿಗನ್‌ನ ತಪ್ಪಿದ ಲೆಕ್ಕ

ಅಮೆರಿಕದ ಆರಿಗನ್ ರಾಜ್ಯದಲ್ಲಿ 2020ರ ನವೆಂಬರಿನ ಜನಮತದಲ್ಲಿ ಶೇಕಡಾ 58 ಜನ, ಸಣ್ಣ ಪ್ರಮಾಣದ ಡ್ರಗ್ಸ್ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಮತ ಹಾಕಿದರು. 2021ರ ಫೆಬ್ರುವರಿ 1ರಿಂದ ಜಾರಿ. ಸಿಕ್ಕಿಬಿದ್ದವರಿಗೆ ನೂರು ಡಾಲರಿನ ಚೀಟಿ. ಸಹಾಯವಾಣಿಗೆ ಒಂದು ಫೋನು ಮಾಡಿದರೆ ಅದೂ ಮಾಫಿ. ಫೋನು ಮಾಡಿದವರು ತೀರಾ ಕಡಿಮೆ. ಅಷ್ಟರಲ್ಲಿ ಓವರ್‌ಡೋಸ್ ಸಾವು ಏರತೊಡಗಿತು.

2023ರಲ್ಲಿ ಎರಡು ಅಧ್ಯಯನ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಸ್ಪೃಹಾ ಜೋಶಿ ಮತ್ತು ಸಂಗಡಿಗರು ಕಾನೂನಿಗೂ ಸಾವಿಗೂ ಸಂಬಂಧ ಕಾಣುತ್ತಿಲ್ಲ ಎಂದರು. ನೋವಾ ಸ್ಪೆನ್ಸರ್ ಎಂಬ ಅರ್ಥಶಾಸ್ತ್ರಜ್ಞ, ಈ ಕಾನೂನಿನಿಂದ 2021ರಲ್ಲಿ 182 ಸಾವು ಹೆಚ್ಚುವರಿ ಆಗಿವೆ ಎಂದರು. ಇಬ್ಬರೂ ಸತ್ತವರನ್ನು ಸರಿಯಾಗಿಯೇ ಎಣಿಸಿದ್ದರು. ಭೇದವಿದ್ದದ್ದು, ಕಾನೂನು ಬಾರದಿದ್ದರೆ ಎಷ್ಟು ಜನ ಸಾಯುತ್ತಿದ್ದರು ಎಂಬ ಊಹೆಯಲ್ಲಿ.

ಕಾಫಿ ಸೀಮೆಯವರಿಗೆ ಈ ಬಗೆಯ ಹೋಲಿಕೆ ಹೊಸದಲ್ಲ. 1925ರಿಂದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ನಡೆದುಬಂದಿರುವ ಪ್ರಯೋಗಗಳ ಬುಡದಲ್ಲಿರುವುದೂ ಇದೇ ಜಾಣತನ. ಒಂದು ಪಾತಿಗೆ ಔಷಧಿ ಹೊಡೆದು, ಅದೇ ಮಣ್ಣು, ಅದೇ ನೆರಳು, ಅದೇ ಮಳೆಯ ಇನ್ನೊಂದು ಪಾತಿಯನ್ನು ಹಾಗೇ ಬಿಟ್ಟರೆ ಮಾತ್ರ ಫಸಲು ಹೆಚ್ಚಿದ್ದು ಔಷಧಿಯಿಂದಲೋ ಹೂಮಳೆಯಿಂದಲೋ ಹೇಳಬಹುದು. ರಾಜ್ಯವೊಂದಕ್ಕೆ ಅಂಥ ಜೋಡಿ ಪಾತಿ ಎಲ್ಲಿ ಸಿಗಬೇಕು? ಸಂಶೋಧಕರು ಬೇರೆ ರಾಜ್ಯಗಳ ಅಂಕಿಗಳನ್ನು ಬೇರೆಬೇರೆ ಪಾಲಿನಲ್ಲಿ ಬೆರೆಸಿ, ಕಾಗದದ ಮೇಲೆ ಒಂದು ನಕಲಿ ಆರಿಗನ್ ಕಟ್ಟುತ್ತಾರೆ. ಕಾನೂನಿಗೆ ಮುಂಚಿನ ವರ್ಷಗಳಲ್ಲಿ ನಕಲಿ ಮತ್ತು ಅಸಲಿ ಒಂದೇ ಹಾದಿಯಲ್ಲಿ ನಡೆದಿದ್ದರೆ, ಆಮೇಲಿನ ಅಂತರವೇ ಕಾನೂನಿನ ಪರಿಣಾಮ.

ಈ ಲೆಕ್ಕದೊಳಗೆ ಒಂದು ಮಳೆ ಕಣ್ಣಿಗೆ ಬೀಳದೆ ಹೋಗಿತ್ತು. ಅದು ಫೆಂಟನಿಲ್. ಹೆರಾಯಿನ್‌ಗಿಂತ ಎಷ್ಟೋ ಪಟ್ಟು ತೀಕ್ಷ್ಣವಾದ ಈ ರಾಸಾಯನಿಕ ಅಮೆರಿಕದ ಪೂರ್ವ ಕರಾವಳಿಯನ್ನು ಬಹಳ ಮುಂಚೆಯೇ ಹೊಕ್ಕಿತ್ತು; ಪಶ್ಚಿಮಕ್ಕೆ ಬಂದದ್ದು ತಡವಾಗಿ. ಆರಿಗನ್ನಿನ ಡ್ರಗ್ಸ್ ಸಂತೆಯನ್ನು ಅದು ಆವರಿಸಿದ್ದೂ ಹೊಸ ಕಾನೂನು ಜಾರಿಯಾದದ್ದೂ ಒಂದೇ ಹೊತ್ತಿನಲ್ಲಿ. ಮೈಕೆಲ್ ಝೂರೋಬ್, ಬ್ರ್ಯಾಂಡನ್ ಡೆಲ್ ಪೋಝೊ ಮೊದಲಾದವರು, ಪೊಲೀಸರು ವಶಪಡಿಸಿಕೊಂಡ ಮಾಲು ಪ್ರಯೋಗಾಲಯದಲ್ಲಿ ಏನೆಂದು ತೇಲಿತು ಎಂಬ ದಾಖಲೆ ಹಿಡಿದು, ಯಾವ ರಾಜ್ಯಕ್ಕೆ ಫೆಂಟನಿಲ್ ಯಾವಾಗ ಬಂತು ಎಂದು ಗುರುತಿಸಿದರು. ಅದನ್ನು ಲೆಕ್ಕಕ್ಕೆ ಸೇರಿಸಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾನೂನಿಗೂ ಸಾವಿಗೂ ಇದ್ದಂತೆ ಕಂಡ ನಂಟು ಅಳಿಸಿಹೋಗಿತ್ತು. ವಿಪರ್ಯಾಸವೆಂದರೆ ಅದೇ ತಿಂಗಳ 1ನೇ ತಾರೀಖಿನಿಂದ ಆರಿಗನ್ ತನ್ನ ಕಾನೂನನ್ನು ಹಿಂತೆಗೆದುಕೊಂಡಾಗಿತ್ತು. ಬಯಲಿನಲ್ಲಿ ಡ್ರಗ್ಸ್ ಸೇದುವವರ ಹಾವಳಿ, ಚಿಕಿತ್ಸೆಯ ಹಣ ತಡವಾಗಿ ಬಂದದ್ದು, ಹೀಗೆ ಜನರ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು. ಲೆಕ್ಕ ಮುಗಿಯುವ ತನಕ ರಾಜಕೀಯ ಕಾಯುವುದಿಲ್ಲ.

ಬಚ್ಚಿಟ್ಟುಕೊಂಡವರ ಎಣಿಕೆ

ನಮ್ಮ ದೇಶದಲ್ಲಿ ಶಿಕ್ಷೆ ಸಡಿಲಿಸುವ ಮಾತಿಗೆ ಜಾಗವಿದೆಯೇ ಎಂದರೆ, ಇದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಗಾಂಜಾವನ್ನು ಅತ್ಯಂತ ಅಪಾಯಕಾರಿ ಪದಾರ್ಥಗಳ ಪಟ್ಟಿಯಿಂದ ಕೈಬಿಟ್ಟಾಗ ಭಾರತ ಪರವಾಗಿ ಮತ ಹಾಕಿತು. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ, ಸ್ವಂತಕ್ಕೆ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯುವಂತೆ ಸಲಹೆ ಮಾಡಿತೆಂದು ವರದಿಯಾಯಿತು. ಚಿಕಿತ್ಸೆಗೆ ತಾನಾಗಿ ಮುಂದೆ ಬರುವ ವ್ಯಸನಿಯನ್ನು ಮೊಕದ್ದಮೆಯಿಂದ ಬಿಡಲು ಈಗಿರುವ ಕಾಯಿದೆಯ 64ಎ ಕಲಮಿನಲ್ಲೇ ಅವಕಾಶವಿದೆ.

ಅಳೆಯುವ ಮೊದಲ ತೊಡಕು, ಸೇದುವವರು ಎಷ್ಟು ಮಂದಿ ಎಂಬುದು. ಮನೆಮನೆಗೆ ಹೋಗಿ ನೀವು ಗಾಂಜಾ ಸೇದುತ್ತೀರಾ ಎಂದು ಕೇಳಿದರೆ ಯಾರು ಹೌದೆನ್ನುತ್ತಾರೆ? ಈ ಗಂಟನ್ನು 1997ರಲ್ಲಿ ಡಗ್ಲಾಸ್ ಹೆಕ್ಕಥಾರ್ನ್ ಎಂಬ ಸಮಾಜಶಾಸ್ತ್ರಜ್ಞ ಬಿಡಿಸಿದರು. ಸೂಜಿ ಬಳಸುವ ನಾಲ್ಕಾರು ಮಂದಿಯನ್ನು ಮೊದಲು ಹುಡುಕಿ, ಒಬ್ಬೊಬ್ಬರ ಕೈಗೆ ಎರಡು ಮೂರು ಚೀಟಿ ಕೊಡುವುದು. ನಿಮ್ಮಂಥ ಗುರುತಿನವರಿಗೆ ಕೊಡಿ ಎನ್ನುವುದು. ಚೀಟಿ ಹಿಡಿದು ಬಂದವರಿಗೆ ಪ್ರಶ್ನೆ ಕೇಳಿ, ಸ್ವಲ್ಪ ಹಣ ಕೊಟ್ಟು, ಮತ್ತೆ ಅವರ ಕೈಗೆ ಚೀಟಿ. ಹೆಸರು ಯಾರೂ ಕೇಳುವುದಿಲ್ಲ, ಚೀಟಿಯ ನಂಬರು ಸಾಕು. ಜೊತೆಗೆ, ನಿಮಗೆ ಇಂಥವರು ಎಷ್ಟು ಜನ ಗೊತ್ತು ಎಂದೂ ಕೇಳುತ್ತಾರೆ. ಹೆಚ್ಚು ಜನ ಗೊತ್ತಿರುವವನ ಕೈಗೆ ಚೀಟಿ ಬೀಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಲೆಕ್ಕದಲ್ಲಿ ಅವನ ತೂಕ ಕಡಿಮೆ ಮಾಡುತ್ತಾರೆ.

ದೆಹಲಿಯ ಏಮ್ಸ್ ಸಂಸ್ಥೆ ಅತುಲ್ ಅಂಬೇಕರ್ ಅವರ ಮುಂದಾಳ್ತನದಲ್ಲಿ 2019ರಲ್ಲಿ ಹೊರತಂದ ರಾಷ್ಟ್ರೀಯ ವರದಿಯಲ್ಲಿ ಈ ಚೀಟಿಯ ವಿಧಾನವನ್ನೂ ಬಳಸಲಾಯಿತು. ಎರಡು ಲಕ್ಷ ಮನೆಗಳ ಸಮೀಕ್ಷೆ ಒಂದು ಕಡೆ, ಚೀಟಿಯ ಮೂಲಕ ಸಿಕ್ಕ 72,642 ಜನ ಇನ್ನೊಂದು ಕಡೆ. ಗಾಂಜಾ ಗಿಡದ ಯಾವುದಾದರೂ ರೂಪವನ್ನು ಬಳಸುವವರು ದೇಶದಲ್ಲಿ 3.1 ಕೋಟಿ, ಭಂಗಿಯವರು ಹೆಚ್ಚು, 2.2 ಕೋಟಿ. ಗಾಂಜಾ, ಚರಸ್ ಸೇದುವವರು 1.3 ಕೋಟಿ. ಭಂಗಿಗೆ ಎನ್‌ಡಿಪಿಎಸ್ ಕಾಯಿದೆಯ ಹಿಡಿತವಿಲ್ಲ. ಕರ್ನಾಟಕ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಅರ್ಜಿಯನ್ನು ಪರಿಗಣಿಸುವಾಗಲೂ ಇದನ್ನು ಎತ್ತಿ ಹೇಳಿತು. ಚಟಕ್ಕೆ ಬಿದ್ದವರ ಪಾಲು ಮಾತ್ರ ಭಂಗಿಗಿಂತ ಗಾಂಜಾದವರಲ್ಲೇ ಜಾಸ್ತಿ. ಕಾನೂನು ಬಿಟ್ಟದ್ದು ಕಡಿಮೆ ಹಾನಿ, ಹಿಡಿದದ್ದು ಹೆಚ್ಚು ಹಾನಿ ಎಂದು ಇಲ್ಲಿ ತೀರ್ಮಾನಿಸಲು ಮನಸ್ಸಾಗುತ್ತದೆ. ಆಗದು. ಭಂಗಿ ಕುಡಿಯುವಂಥದ್ದು, ಗಾಂಜಾ ಸೇದುವಂಥದ್ದು. ಒಂದು ಶಿವರಾತ್ರಿಗೆ, ಇನ್ನೊಂದು ದಿನಾ. ಪಾತಿಗಳೇ ಬೇರೆಬೇರೆ.

ನ್ಯಾಯದ ಕಡೆಯ ಅಳತೆಗೆ ನಮ್ಮಲ್ಲಿ ಒಂದು ಒಳ್ಳೆಯ ಮಾದರಿ ಇದೆ. ವಿಧಿ ಎಂಬ ಕಾನೂನು ಅಧ್ಯಯನ ಸಂಸ್ಥೆ ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ 2017 ಮತ್ತು 2018ರಲ್ಲಿ ಇತ್ಯರ್ಥವಾದ 10,669 ಎನ್‌ಡಿಪಿಎಸ್ ಪ್ರಕರಣಗಳನ್ನು ಓದಿತು. ಬಹುತೇಕ ಎಲ್ಲವೂ ಸ್ವಂತ ಸೇವನೆಯ ಪ್ರಕರಣಗಳು. ಶೇಕಡಾ 87ರಷ್ಟು ಗಾಂಜಾದ್ದೇ. ಸಿಕ್ಕಿಬಿದ್ದವರಲ್ಲಿ ಬೀದಿಬದಿಯವರು, ಕೊಳೆಗೇರಿಯವರು, ಕೂಲಿಯವರೇ ಹೆಚ್ಚು. ದಂಧೆ ನಡೆಸುವವರನ್ನು ಹಿಡಿಯಲೆಂದು ಮಾಡಿದ ಕಾಯಿದೆಯ ಬಲೆಯಲ್ಲಿ ಬಿದ್ದದ್ದು ಸಣ್ಣ ಮೀನು. ಸಿಕ್ಕಿಬಿದ್ದವರು ಯಾವ ಸ್ಥಿತಿಯವರು ಎಂಬುದು ವಾರ್ಷಿಕ ಅಪರಾಧ ವರದಿಯ ಅಂಕಿಗಳಿಂದ ತಿಳಿಯುವುದಿಲ್ಲ.

ಜಾವಳಿಯಲ್ಲಿ ಅಳೆಯುವುದಾದರೆ

ಹೇಮಾವತಿ ನದಿ ಹುಟ್ಟುವ, ಮಲೆನಾಡಿನ ನಮ್ಮ ಜಾವಳಿಯ ಸುತ್ತ ಈ ಅಳತೆ ಹೇಗೆ ನಡೆದೀತು? ಕಾಫಿ ಗಿಡದ ಮಧ್ಯೆಯೋ ಶುಂಠಿ ಪಟ್ಟೆಯ ಅಂಚಿನಲ್ಲೋ ಗಾಂಜಾ ಗಿಡ ಸಿಕ್ಕಿತು ಎಂಬ ಸುದ್ದಿ ಜಿಲ್ಲೆಯ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಈ ವರ್ಷ ಹೆಚ್ಚು ಬಂದರೆ ಹೆಚ್ಚು ಬೆಳೆದರೆಂದೂ ಆಗಬಹುದು, ಚುರುಕಾದ ಇನ್ಸ್‌ಪೆಕ್ಟರ್ ಬಂದರೆಂದೂ ಆಗಬಹುದು. ಊರು ಸಣ್ಣದು, ಎರಡು ಕೇಸು ನಾಲ್ಕಾದರೆ ನೂರಕ್ಕೆ ನೂರು ಏರಿಕೆ ಎಂದು ಬರೆಯಬಹುದು, ಅರ್ಥ ಮಾತ್ರ ಏನೂ ಇಲ್ಲ. ಒಟ್ಟು ಜನ ಎಷ್ಟು ಎಂಬುದೂ ನಿಲ್ಲುವ ಲೆಕ್ಕವಲ್ಲ. ಕುಯ್ಲಿನ ತಿಂಗಳುಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರಿಂದ ಲೈನ್ ಮನೆಗಳು ತುಂಬುತ್ತವೆ, ಮಳೆಗಾಲಕ್ಕೆ ಖಾಲಿಯಾಗುತ್ತವೆ.

2005ರಲ್ಲಿ ಇಟಲಿಯ ಎಟ್ಟೊರೆ ಜುಕ್ಕಾಟೊ ಮತ್ತು ಸಂಗಡಿಗರು ಪೋ ನದಿಯ ನೀರನ್ನು ಪರೀಕ್ಷಿಸಿ, ಕೊಕೇನ್ ಸೇವಿಸಿದವರ ಮೂತ್ರದಲ್ಲಿ ಹೊರಬರುವ ರಾಸಾಯನಿಕ ಎಷ್ಟಿದೆ ಎಂದು ನೋಡಿದರು. ದಿನಕ್ಕೆ ಸುಮಾರು ನಾಲ್ಕು ಕಿಲೋ ಕೊಕೇನಿಗೆ ಸಮನಾದ ಅಂಶ ಹರಿಯುತ್ತಿತ್ತು. ಸರ್ಕಾರಿ ಅಂದಾಜಿಗಿಂತ ಎಷ್ಟೋ ಹೆಚ್ಚು. ಯಾರನ್ನೂ ಕೇಳದೆ, ಯಾರನ್ನೂ ಹಿಡಿಯದೆ ಸಿಕ್ಕ ಲೆಕ್ಕ. ಈಗ ಯುರೋಪಿನ ನಗರಗಳು ಚರಂಡಿ ನೀರನ್ನು ಹೀಗೆ ಪರೀಕ್ಷಿಸುತ್ತವೆ. ನಮ್ಮಲ್ಲಿ ಮಾತ್ರ ಅದು ಆಗದು. ಮಲೆನಾಡಿನಲ್ಲಿ ಮನೆಗೊಂದು ಪಾಯಿಖಾನೆ ಗುಂಡಿ. ಊರಿನದೆಲ್ಲ ಒಂದೆಡೆ ಸೇರುವ ಚರಂಡಿಯೇ ಇಲ್ಲ.

ಹಾಗಾದರೆ ಕಾನೂನಿನ ಪೆನ್ನು ಮುಟ್ಟದ ಪುಸ್ತಕ ನಮ್ಮಲ್ಲಿ ಯಾವುದು? ನನಗೆ ಕಾಣುವುದು ಎಸ್ಟೇಟಿನ ಚೆಕ್‌ರೋಲು. ದಿನಾ ಬೆಳಿಗ್ಗೆ ರೈಟರು ಹಾಜರಿ ಹಾಕುವ ಪುಸ್ತಕ. ಗಾಂಜಾ ಪೊಟ್ಟಣದೊಡನೆ ಸಿಕ್ಕಿಬಿದ್ದ ಒಬ್ಬ ಕೆಲಸಗಾರನ ಕತೆ ಪೊಲೀಸ್ ದಾಖಲೆಯಲ್ಲಿ ಒಂದು ಸಾಲು. ಕಾಯಿದೆಯ ಪ್ರಕಾರ ಒಂದು ಕಿಲೋ ಒಳಗಿದ್ದರೆ ಸಣ್ಣ ಪ್ರಮಾಣ. ವರ್ಷದವರೆಗೆ ಶಿಕ್ಷೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚೆಕ್‌ರೋಲಿನಲ್ಲಿ ಅದೇ ಕತೆ ಬೇರೆ ಥರ ಕಾಣುತ್ತದೆ: ಇಂಥ ವಾರವಿಡೀ ಗೈರು, ಆಮೇಲೆ ಪ್ರತಿ ವಾಯಿದೆಯ ದಿನ ಗೈರು, ಒಂದು ತಿಂಗಳ ನಂತರ ಹೆಸರೇ ಇಲ್ಲ. ತೋಟದ ಮಾಲೀಕರ ಮಗ ಅದೇ ಪೊಟ್ಟಣದೊಡನೆ ಸಿಕ್ಕರೆ ಜಾಮೀನಿಗೆ ಪಹಣಿ ಹಿಡಿದು ನಿಲ್ಲಲು ಹತ್ತು ಜನ. ಸಾವಿರಾರು ಮೈಲಿ ದೂರದಿಂದ ಬಂದವನಿಗೆ ಯಾರು? ಕಾಗದದ ಮೇಲೆ ಇಬ್ಬರಿಗೂ ಶಿಕ್ಷೆ ಒಂದೇ. ಚೆಕ್‌ರೋಲಿನಲ್ಲಿ ಗೈರಾಗುವುದು ಒಬ್ಬನ ಹೆಸರು ಮಾತ್ರ, ಏಕೆಂದರೆ ಇನ್ನೊಬ್ಬನ ಹೆಸರು ಅಲ್ಲಿ ಇರುವುದೇ ಇಲ್ಲ.

ಆರೋಗ್ಯದ ಕಡೆಯೂ ಹೀಗೆಯೇ. ತಾಲ್ಲೂಕು ಆಸ್ಪತ್ರೆಗೆ ಅಮಲಿನ ತೊಂದರೆಯಿಂದ ಎಷ್ಟು ಜನ ತಾವಾಗಿ ಬಂದರು, ಎಷ್ಟು ಜನರನ್ನು ಪೊಲೀಸರು ಕರೆತಂದರು ಎಂದು ಬೇರೆಬೇರೆ ಬರೆದಿಡುವುದು ಕಷ್ಟವಲ್ಲ. ಶಿಕ್ಷೆಯ ಭಯ ಕಡಿಮೆಯಾದರೆ ಮೊದಲನೆಯ ಸಂಖ್ಯೆ ಏರಬೇಕು. ಕಾನೂನು ಬದಲಿಸಿದ್ದರಿಂದ ವ್ಯಸನ ಹೆಚ್ಚಿತು ಎಂದು ಆ ಏರಿಕೆಯನ್ನೇ ತೋರಿಸುವವರು ಇರುತ್ತಾರೆ. ಎರಡು ಕಾಲಂ ಇದ್ದರೆ ಆ ವಾದಕ್ಕೆ ಉತ್ತರವಿದೆ, ಒಂದೇ ಇದ್ದರೆ ಇಲ್ಲ.

ಮೊದಲೇ ಅಳೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾರಾಯಿಯೇ ಸಾಕ್ಷಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಅದು ನಿಂತಿತು. ಅದರಿಂದ ಹಳ್ಳಿಯ ಕುಡಿತ ಇಳಿಯಿತೋ, ಕಳ್ಳಭಟ್ಟಿಗೂ ದುಬಾರಿ ಬಾಟಲಿಗೂ ಹೊರಳಿತೋ ಎಂದು ಇವತ್ತಿಗೂ ಜಗುಲಿಗಳಲ್ಲಿ ವಾದ ನಡೆಯುತ್ತದೆ. ಅಬಕಾರಿ ಇಲಾಖೆಗೆ ಗೊತ್ತಿರುವುದು ಪರವಾನಗಿ ಪಡೆದ ಅಂಗಡಿಯ ಲೆಕ್ಕ ಮಾತ್ರ; ಕಾಡಂಚಿನ ಭಟ್ಟಿಗೆ ಬಿಲ್ಲಿಲ್ಲ.

ಗಾಂಜಾದ ಕಾನೂನು ನಾಳೆ ಸಡಿಲವಾಗಬಹುದು, ಇನ್ನೂ ಬಿಗಿಯಾಗಬಹುದು, ಇದ್ದ ಹಾಗೇ ಇರಬಹುದು. ಯಾವುದು ಸರಿ ಎಂದು ಹೇಳಲು ಇಂದು ನಮ್ಮ ಕೈಯಲ್ಲಿ ಸಾಕಷ್ಟು ಅಂಕಿಗಳಿಲ್ಲ. ಆದರೆ ಪೋರ್ಚುಗಲ್ಲಿಗೆ ಸಿಗದ ಆ ‘ಮುಂಚಿನ’ ಪುಟವನ್ನು ಬರೆಯಲು ನಮಗೆ ಇನ್ನೂ ಸಮಯವಿದೆ: ಆಸ್ಪತ್ರೆಯಲ್ಲಿ ಎರಡು ಕಾಲಂ, ಕೋರ್ಟಿನಲ್ಲಿ ಆರೋಪಿಯ ಕಸುಬು ಮತ್ತು ಅವನು ಎಷ್ಟು ದಿನ ಜಾಮೀನಿಲ್ಲದೆ ಒಳಗಿದ್ದ ಎಂಬ ಲೆಕ್ಕ, ಒಪ್ಪುವ ಎಸ್ಟೇಟುಗಳಲ್ಲಿ ಹೆಸರು ಮರೆಮಾಡಿದ ಹಾಜರಿ, ಹೋಲಿಕೆಗೆ ಸಕಲೇಶಪುರ, ಕೊಪ್ಪದಂಥ ಅಕ್ಕಪಕ್ಕದ ತಾಲ್ಲೂಕುಗಳು. ಇದಕ್ಕೆ ಹೊಸ ಕಾಯಿದೆ ಬೇಡ, ಹೆಚ್ಚು ಹಣವೂ ಬೇಡ. ಕಾನೂನು ಬದಲಾದ ದಿನವೇ ಠಾಣೆಯ ಅಂಕಿಗಳೂ ಬದಲಾಗುತ್ತವೆ. ಆ ದಿನದಿಂದ ಅಳೆಯಲು ಶುರುಮಾಡಿದವರಿಗೆ ಸಿಗುವುದು ಹೊಸ ಕಾನೂನಿನ ಪ್ರತಿಬಿಂಬವೇ ಹೊರತು ಜನರ ಸ್ಥಿತಿಯಲ್ಲ.